ತಜ್ಞ ವೈದ್ಯರ ಮೇಲೆ ದೂರು ಕೊಟ್ಟರೆ ಪರಿಹಾರ ಸಿಗುತ್ತದೆಯೇ?

ಪ್ರಶ್ನೆ: ತಾಯಿಗೆ ಶಸ್ತ್ರಚಿಕಿತ್ಸೆ ಮಾಡಿದ ತಜ್ಞರ ಮೇಲೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬೇಕೆಂದಿದ್ದೇವೆ. ನಮಗಾದ ನಷ್ಟವನ್ನು ಅವರು ತುಂಬಿಸಿಕೊಡುತ್ತಾರೆಯೇ?

ಸಾಮಾನ್ಯವಾಗಿ ಇಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಇದು ಗೊತ್ತಾದರೆ ತುಂಬ ನೋವಾಗುತ್ತದೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಹಣದ ಪರಿಹಾರಕ್ಕೆ ನ್ಯಾಯಾಲಯದ ದಾರಿ ಬೇರೆಯೇ ಇದೆ. ವೈದ್ಯರಿಗೆ ನೋಂದಣಿ ಕೊಡುವ ಪರಿಷತ್ತು ನೋಡುವುದು ಒಂದನ್ನೇ: ಇವರ ಕೈಗೆ ನಾಳೆ ಇನ್ನೊಬ್ಬ ರೋಗಿಯನ್ನು ಧೈರ್ಯವಾಗಿ ಒಪ್ಪಿಸಬಹುದೇ?

ಬಂದ ದೂರುಗಳನ್ನು ಮೊದಲು ಸೋಸುತ್ತಾರೆ. ಬಿಲ್ಲಿನ ತಕರಾರು, ತಾಸುಗಟ್ಟಲೆ ಕಾಯಿಸಿದರು ಎಂಬಂಥವು ಬಹುಮಟ್ಟಿಗೆ ಇಲ್ಲೇ ನಿಲ್ಲುತ್ತವೆ. ತನಿಖೆಗೆ ಹೋದ ದೂರಿನ ಪ್ರತಿ ವೈದ್ಯರಿಗೆ ತಲುಪುತ್ತದೆ, ಅವರು ಉತ್ತರ ಕೊಡಬೇಕು. ಕೇಸ್ ಶೀಟು, ಸ್ಕ್ಯಾನ್, ಸಹಿ ಹಾಕಿದ ಒಪ್ಪಿಗೆ ಪತ್ರ ಎಲ್ಲ ತರಿಸಿಕೊಂಡು, ಅದೇ ವಿಭಾಗದ ಮತ್ತೊಬ್ಬ ತಜ್ಞರ ಅಭಿಪ್ರಾಯ ಕೇಳುತ್ತಾರೆ. ಮೂಳೆ ತಜ್ಞರ ಕೆಲಸವನ್ನು ಅಳೆಯಲು ಮೂಳೆ ತಜ್ಞರೇ ಬೇಕು. ‘ವೈದ್ಯರು ವೈದ್ಯರನ್ನು ಬಿಟ್ಟುಕೊಡುತ್ತಾರೆಯೇ?’ ಎಂಬ ಅನುಮಾನ ಹುಟ್ಟುವುದೂ ಇಲ್ಲೇ, ಅದು ಸಹಜ. ಬ್ರಿಟನ್ನಿನಲ್ಲಿ ತನಿಖೆ ಜನರಲ್ ಮೆಡಿಕಲ್ ಕೌನ್ಸಿಲ್‌ನದು. ಆದರೆ 2012ರಿಂದ ವಿಚಾರಣೆ ನಡೆಸುವುದು ಪ್ರತ್ಯೇಕ ನ್ಯಾಯಮಂಡಳಿ, ಅದರಲ್ಲಿ ವೈದ್ಯರಲ್ಲದವರೂ ಕೂರುತ್ತಾರೆ. ಎಲ್ಲ ಕಡೆಯೂ ಹೀಗೇ ಆಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ತಪ್ಪು ಸಾಬೀತಾದರೆ ಎಚ್ಚರಿಕೆ ಕೊಡಬಹುದು, ಇಂಥ ಶಸ್ತ್ರಚಿಕಿತ್ಸೆಯನ್ನು ಹಿರಿಯರ ಮೇಲ್ವಿಚಾರಣೆಯಲ್ಲೇ ಮಾಡಬೇಕೆಂದು ಷರತ್ತು ಹಾಕಬಹುದು, ನೋಂದಣಿ ಅಮಾನತು ಮಾಡಬಹುದು. ಹೆಸರನ್ನೇ ಪಟ್ಟಿಯಿಂದ ತೆಗೆಯುವುದು ಕೊನೆಯ ಕ್ರಮ. ರೋಗಿಗಳಿಗೆ ಅಪಾಯವಿದೆ ಎನಿಸಿದರೆ ತನಿಖೆ ಮುಗಿಯುವ ಮುನ್ನವೇ ತಡೆಯುವ ಅಧಿಕಾರವೂ ಹಲವು ಪರಿಷತ್ತುಗಳಿಗಿದೆ.

ಹಾಗಾಗಿ ದೂರು ಬರೆಯುವಾಗ ‘ಘೋರ ನಿರ್ಲಕ್ಷ್ಯ’ ಎಂಬ ಮಾತಿನ ಮೇಲೆ ಭಾರ ಹಾಕಬೇಡಿ. ‘ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ 6ಕ್ಕೆ ತಾಯಿಗೆ 103 ಡಿಗ್ರಿ ಜ್ವರವಿತ್ತು. ನರ್ಸ್ ಎರಡು ಸಲ ಫೋನ್ ಮಾಡಿದರು. ವೈದ್ಯರು ಬಂದದ್ದು ಸಂಜೆ 4ಕ್ಕೆ’ ಎಂದು ಬರೆಯಿರಿ. ತನಿಖೆ ಮಾಡುವವರು ಈ ಮೂರು ಸಾಲನ್ನು ಕೇಸ್ ಶೀಟಿನ ಪಕ್ಕದಲ್ಲಿಟ್ಟು ನೋಡಬಹುದು. ದಾಖಲೆಗಳ ಪ್ರತಿಯನ್ನು ಆಸ್ಪತ್ರೆಯಿಂದ ಮೊದಲೇ ಪಡೆದುಕೊಳ್ಳಿ, ತಡಮಾಡಬೇಡಿ. ಬ್ರಿಟನ್ನಿನಲ್ಲಿ 5 ವರ್ಷ ದಾಟಿದ ಘಟನೆಯನ್ನು ಸಾಮಾನ್ಯವಾಗಿ ತನಿಖೆಗೆ ಎತ್ತಿಕೊಳ್ಳುವುದೇ ಇಲ್ಲ.