ಕೆಲಸ ಕೇಳೋಕೆ ನಡೆದೇ ಹೋಗಿ

"ಸರ್, ಇದು ಖರೇ ಅದೇನ್ರಿ?" ಅಂತ ಮೊಬೈಲ್ ಮುಂದೆ ಹಿಡಿಯುವ ಹುಡುಗರು ವಾರಕ್ಕೆ ಒಬ್ಬರಾದರೂ ನನ್ನ ಕೋಣೆಗೆ ಬರುತ್ತಾರೆ. ಮನೆಯಲ್ಲೇ ಕೂತು ಕೆಲಸ, ದಿನಕ್ಕೆ 2000 ರೂಪಾಯಿ, ಅನುಭವ ಬೇಕಿಲ್ಲ, ಇಂದೇ ಸೇರಿ. ನಾನು ಓದಿ ಮೊಬೈಲ್ ವಾಪಸ್ ಕೊಡುತ್ತೇನೆ. "ಇದನ್ನು ಕಳಿಸಿದವರ ಅಂಗಡಿ ಎಲ್ಲಿದೆ? ನಡೆದು ಹೋಗಿ ನೋಡಿ ಬರಬಹುದಾ?" ಅಂತ ಕೇಳುತ್ತೇನೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೆಲ್ ನೋಡಿಕೊಳ್ಳುತ್ತೇನೆ. ಓದು ಮುಗಿದ ಮೇಲಿನ ನೌಕರಿ ಕೊಡಿಸುವುದು ನನ್ನ ಕೆಲಸ. ಆದರೆ ನನ್ನ ಹತ್ತಿರ ಬರುವವರಲ್ಲಿ ಅರ್ಧದಷ್ಟು ಮಕ್ಕಳಿಗೆ ಈಗಲೇ ದುಡ್ಡು ಬೇಕು. ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಬಂದವರು. ರೂಮಿನ ಬಾಡಿಗೆ, ಖಾನಾವಳಿ ಬಿಲ್ಲು, ಪರೀಕ್ಷೆ ಫೀ. ಸ್ಕಾಲರ್‌ಶಿಪ್ ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತದೆ. ತೊಗರಿ ಕೈಕೊಟ್ಟ ವರ್ಷ ಅಪ್ಪನನ್ನು ಕೇಳಲು ಬಾಯಿ ಬರುವುದಿಲ್ಲ. ಇವರಿಗೆ ನಾನು ಹೇಳುವುದು ಒಂದೇ: ನಮ್ಮ ಊರಿನಲ್ಲಿ ಪಾರ್ಟ್ ಟೈಮ್ ಕೆಲಸ ಬಾಯಿಂದ ಬಾಯಿಗೆ ಸಿಗುತ್ತದೆ. ನೀವೇ ಕಾಲು ಸವೆಸಿ ಹುಡುಕಿದ ಕೆಲಸವನ್ನು ನಂಬಿ. ತಾನಾಗಿಯೇ ನಿಮ್ಮನ್ನು ಹುಡುಕಿಕೊಂಡು ಬಂದ ಕೆಲಸವನ್ನು ದೂರ ಇಡಿ.

ಸೂಪರ್ ಮಾರ್ಕೆಟ್‌ನಿಂದ ಶುರು ಮಾಡಿ. ಬೆಂಗಳೂರಿನವರಿಗೆ ಆ ಹೆಸರು ಕೇಳಿದರೆ ಒಂದು ಅಂಗಡಿ ಅನಿಸಬಹುದು, ನಮಗೆ ಅದು ಇಡೀ ಪೇಟೆ. ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಪುಸ್ತಕದ ಅಂಗಡಿ, ಜೆರಾಕ್ಸ್ ಅಂಗಡಿ ಎಲ್ಲ ಅಲ್ಲಿವೆ. ಇಂಥ ಅಂಗಡಿಗಳ ಮಾಲಕರು ಆಳು ಬೇಕು ಅಂತ ಇಂಟರ್‌ನೆಟ್‌ನಲ್ಲಿ ಹಾಕುವುದು ಕಡಿಮೆ. ಹೆಚ್ಚೆಂದರೆ ಗಾಜಿನ ಮೇಲೆ ಒಂದು ಹಾಳೆ ಅಂಟಿಸುತ್ತಾರೆ. ಇಲ್ಲವೇ ಈಗಿರುವ ಹುಡುಗನಿಗೆ "ನಿಮ್ಮ ಕಡಿ ಯಾರರೆ ಇದ್ರ ಕರ್ಕೊಂಡ್ ಬಾ" ಅನ್ನುತ್ತಾರೆ. ಆ ಮಾತು ಬರುವ ಹೊತ್ತಿಗೆ ನಿಮ್ಮ ಮುಖ ಅಲ್ಲಿ ಪರಿಚಯ ಇರಬೇಕು.

ಸಂಜೆ ಗಿರಾಕಿ ತುಂಬಿದಾಗ ಹೋಗಬೇಡಿ. ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ಪೇಟೆ ತಣ್ಣಗಿರುತ್ತದೆ, ಬೇಸಿಗೆಯಲ್ಲಂತೂ ಬಿಸಿಲಿಗೆ ಹೆದರಿ ಯಾರೂ ಹೊರಗೆ ಬರುವುದಿಲ್ಲ. ಮಾಲಕರು ಫ್ಯಾನಿನ ಕೆಳಗೆ ಕೂತಿರುತ್ತಾರೆ, ಮಾತಾಡಲು ಪುರುಸೊತ್ತು ಇರುತ್ತದೆ. ಅವರಿಗಿಂತ ಮೊದಲು ಗುಮಾಸ್ತರನ್ನು ಮಾತಾಡಿಸಿದರೆ ಇನ್ನೂ ಒಳ್ಳೆಯದು. ಯಾರು ಕೆಲಸ ಬಿಡುವವರಿದ್ದಾರೆ ಅನ್ನೋದು ಮೊದಲು ಗೊತ್ತಾಗುವುದು ಅವರಿಗೇ.

"ಏನರೆ ಕೆಲ್ಸ ಇದ್ರ ಕೊಡ್ರಿ" ಅಂತ ಕೇಳಬೇಡಿ. ಹಾಗೆ ಕೇಳಿದರೆ ಮಾಲಕರಿಗೆ ನಿಮ್ಮನ್ನು ಎಲ್ಲಿ ಕೂರಿಸಬೇಕು ಅಂತ ತಿಳಿಯುವುದಿಲ್ಲ. ನಮ್ಮ ಒಬ್ಬ ಹುಡುಗಿ ಕೇಳಿದ್ದು ಹೀಗೆ: "ನಾ ಬಿ.ಕಾಂ ಎರಡನೇ ವರ್ಷ ಇದ್ದೀನ್ರಿ. ಟ್ಯಾಲಿ ಬರ್ತದ. ಸಂಜಿ 4ರಿಂದ 8ರ ತನ ಬರ್ತೀನಿ, ಐತಾರ ಪೂರ್ತಿ ಇರ್ತೀನಿ." ಮೂರು ವಾಕ್ಯದಲ್ಲಿ ಓದು, ಬರುವ ವಿದ್ಯೆ (ಟ್ಯಾಲಿ ಅಂದರೆ ಅಂಗಡಿ ಲೆಕ್ಕದ ಸಾಫ್ಟ್‌ವೇರ್), ಹೊತ್ತು, ರಜೆಯ ದಿನ ಎಲ್ಲ ಬಂತಲ್ವಾ? ಅವಳಿಗೂ ಮೊದಲ ದಿನ ಕೆಲಸ ಸಿಗಲಿಲ್ಲ. ಹೆಸರು, ನಂಬರ್ ಬರೆದ ಚೀಟಿ ಕೊಟ್ಟು ಬಂದಳು. ಎಂಟು ದಿನ ಬಿಟ್ಟು ಮತ್ತೆ ಹೋದಳು. ಮೂರನೇ ಸಲ ಹೋದಾಗ ಬಿಲ್ಲಿಂಗ್‌ಗೆ ಕೂರಿಸಿಕೊಂಡರು.

ಕೆಲಸಕ್ಕೂ ಹಂಗಾಮು ಇದೆ. ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬಂತೆಂದರೆ ನಮ್ಮ ಧಾನ್ಯದ ಪೇಟೆ ನೆಹರು ಗಂಜ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು, ಸಿಕ್ಕ ಬೇಳೆ ನಮ್ಮದು. ಆ ಎರಡು ತಿಂಗಳು ಅಡತ ಅಂಗಡಿಗಳಿಗೆ, ದಾಲ್ ಮಿಲ್ಲುಗಳಿಗೆ ತೂಕದ ಚೀಟಿ ಬರೆಯಲು, ಲಾರಿ ಲೆಕ್ಕ ಕಂಪ್ಯೂಟರಿಗೆ ಏರಿಸಲು ಕೈ ಸಾಲುವುದಿಲ್ಲ. ನವೆಂಬರ್‌ನಲ್ಲೇ ಹೋಗಿ ಹೇಳಿಟ್ಟು ಬನ್ನಿ. ಬಟ್ಟೆ ಅಂಗಡಿಗಳಿಗೆ ದೀಪಾವಳಿಗೆ ಮೊದಲಿನ ಹದಿನೈದು ದಿನ, ರಂಜಾನ್ ತಿಂಗಳ ಸಂಜೆಗಳು, ಏಪ್ರಿಲ್‌-ಮೇ ತಿಂಗಳ ಮದುವೆ ಕಾಲ. ಮದುವೆಯಲ್ಲಿ ಬಡಿಸುವ ಕೆಲಸಕ್ಕೆ ಹೋಗುವ ಹುಡುಗರೂ ಇದ್ದಾರೆ, ಒಂದು ದಿನದ ದುಡಿಮೆ ಅದೇ ರಾತ್ರಿ ಕೈಗೆ ಬರುತ್ತದೆ.

ನಮ್ಮ ಮಕ್ಕಳು ಲೆಕ್ಕಕ್ಕೇ ಹಿಡಿಯದ ಒಂದು ಬಂಡವಾಳ ಇದೆ, ಅದು ಮಾತು. ಸೇಡಂ, ಚಿಂಚೋಳಿ ಕಡೆಯವರಿಗೆ ತೆಲುಗು ಬರುತ್ತದೆ. ಆಳಂದ ಕಡೆಯವರಿಗೆ ಮರಾಠಿ ತಿಳಿಯುತ್ತದೆ. ದಖನಿ ಉರ್ದು ಊರಿನ ಎಲ್ಲರ ಬಾಯಲ್ಲೂ ಇದೆ. ತೆಲಂಗಾಣದಿಂದ, ಸೊಲ್ಲಾಪುರ ಕಡೆಯಿಂದ ರೋಗಿಗಳು ಬರುವ ಖಾಸಗಿ ಆಸ್ಪತ್ರೆಯ ಕೌಂಟರ್‌ನಲ್ಲಿ ಇಂಥವರು ಬೇಕೇ ಬೇಕು. "ನಂಗ ಇಂಗ್ಲಿಷ್ ಬರಲ್ಲ ಸರ್" ಅಂತ ತಲೆ ತಗ್ಗಿಸಿ ಕೂತಿದ್ದ ಸೇಡಂನ ಹುಡುಗನೊಬ್ಬ ತೆಲುಗು, ಉರ್ದು ಎರಡೂ ಸರಾಗ ಮಾತಾಡುತ್ತಿದ್ದ. ಅವನು ಎರಡು ವರ್ಷ ಅಂಥ ಕೌಂಟರ್‌ನಲ್ಲಿ ಕೂತು ಡಿಗ್ರಿ ಮುಗಿಸಿದ.

ಇನ್ನು ದುಡ್ಡಿನ ಲೆಕ್ಕ. ತಿಂಗಳ ಪಗಾರ ನೋಡಬೇಡಿ, ತಾಸಿಗೆ ಎಷ್ಟು ಬಿತ್ತು ಅಂತ ನೋಡಿ. ತಿಂಗಳಿಗೆ 6000 ಅಂದಾಗ ಹಿಗ್ಗುತ್ತೇವೆ. ದಿನಕ್ಕೆ 5 ತಾಸಿನಂತೆ 26 ದಿನ ಅಂದರೆ 130 ತಾಸು. ತಾಸಿಗೆ 46 ರೂಪಾಯಿ ಆಯಿತು. ಅದೇ ನಿಮ್ಮ ಓಣಿಯ ಎರಡು ಮಕ್ಕಳಿಗೆ ಒಟ್ಟಿಗೆ ದಿನ ಒಂದು ತಾಸು ಗಣಿತ ಹೇಳಿಕೊಟ್ಟು, ತಲೆಗೆ 1500ರಂತೆ ತೆಗೆದುಕೊಂಡರೆ ಬರುವುದು 3000 ಮಾತ್ರ. ಆದರೆ ಕೊಟ್ಟಿದ್ದು 24 ತಾಸು, ತಾಸಿಗೆ 125 ಬಿತ್ತು. ಉಳಿದ ಹೊತ್ತು ನಿಮ್ಮ ಓದಿಗೆ. ಹತ್ತನೇ ತರಗತಿ ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡಲು ಬರುವವರು ಬೇರೆ ಕೆಲಸ ಹುಡುಕುವ ಮೊದಲು ಟ್ಯೂಷನ್ ಪ್ರಯತ್ನಿಸಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೇಳಿಕೊಡುತ್ತಾ ನಿಮ್ಮ ಬುಡವೂ ಗಟ್ಟಿಯಾಗುತ್ತದೆ. ಮುಂದೆ ಸರ್ಕಾರಿ ಪರೀಕ್ಷೆಗೆ ಕೂತಾಗ ಅದೇ ಗಣಿತ ಎದುರು ಬರುತ್ತದೆ.

ಸ್ವಿಗ್ಗಿ, ಜೊಮ್ಯಾಟೊ ಡೆಲಿವರಿ ಮಾಡುವ ಹುಡುಗರು ಆ್ಯಪ್‌ನಲ್ಲಿ ಕಾಣುವ ದುಡ್ಡನ್ನೇ ಸಂಪಾದನೆ ಅಂದುಕೊಳ್ಳುತ್ತಾರೆ. ಒಬ್ಬನನ್ನು ಕೂರಿಸಿ ಒಂದು ದಿನದ ಲೆಕ್ಕ ಬರೆಸಿದೆ. ಬಂದಿದ್ದು 500. ಓಡಿಸಿದ್ದು 75 ಕಿಲೋಮೀಟರ್. ಅವನ ಗಾಡಿ ಲೀಟರಿಗೆ 50 ಕೊಡುತ್ತದೆ, ಅಂದರೆ ಒಂದೂವರೆ ಲೀಟರ್ ಪೆಟ್ರೋಲ್. 150ರ ಮೇಲೆ ಅಲ್ಲೇ ಹೋಯಿತು. 7 ತಾಸು ರಸ್ತೆಯ ಮೇಲಿದ್ದ. ತಾಸಿಗೆ 50 ಕೂಡ ಉಳಿಯಲಿಲ್ಲ, ಟೈರು, ಆಯಿಲ್ ಇನ್ನೂ ಹಿಡಿದಿಲ್ಲ. ಏಪ್ರಿಲ್‌, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಹೆದರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಗೆ ಮುಗಿಸುತ್ತವೆ. ಆ ಬಿಸಿಲಲ್ಲಿ ಮಧ್ಯಾಹ್ನದ ಊಟ ಹೊತ್ತು ಓಡಾಡುವುದು ಈ ಮಕ್ಕಳು. ಮಾಡುವುದಾದರೆ ರಾತ್ರಿ ಊಟದ ಹೊತ್ತಿನ ಮೂರು ತಾಸು ಮಾತ್ರ ಮಾಡಿ. ಲೈಸೆನ್ಸ್, ಇನ್ಶೂರೆನ್ಸ್ ಸರಿ ಇರಲಿ. ಕೆಲಸಗಾರರ ಹೆಸರು ನೋಂದಾಯಿಸುವ ಕೇಂದ್ರ ಸರ್ಕಾರದ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ಹಚ್ಚಿಸಿ. ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗೆ ಅಂತಲೇ ಕರ್ನಾಟಕ 2025ರಲ್ಲಿ ಕಾನೂನು ಮಾಡಿದೆ. ನೀವು ಆ ಲೆಕ್ಕದೊಳಗೆ ಇರಬೇಕು.

ಈಗ ಆ ಮೊಬೈಲ್ ಮೆಸೇಜಿಗೆ ಬರುತ್ತೇನೆ. ಇದರಲ್ಲಿ ನನ್ನ ಮಕ್ಕಳು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಟೆಲಿಗ್ರಾಂನಲ್ಲಿ ಬರುವ "ಟಾಸ್ಕ್" ಕೆಲಸ ಮೊದಲು ಖರೇ ದುಡ್ಡು ಕೊಡುತ್ತದೆ. ಮೂರು ವಿಡಿಯೊ ಲೈಕ್ ಮಾಡಿದರೆ 150 ರೂಪಾಯಿ ಖಾತೆಗೆ ಬಿದ್ದೇ ಬೀಳುತ್ತದೆ. ಆಮೇಲೆ 1000 ಹಾಕು, 1300 ಕೊಡ್ತೀವಿ ಅನ್ನುತ್ತಾರೆ. ಅದೂ ಬರುತ್ತದೆ. ನಂಬಿಕೆ ಕೂತ ಮೇಲೆ 5000, 20,000. ಅಲ್ಲಿಂದ ಆಚೆ ದುಡ್ಡು ವಾಪಸ್ ಬರುವುದಿಲ್ಲ. ಬಿಡಿಸಿಕೊಳ್ಳಲು ಇನ್ನಷ್ಟು ಕಟ್ಟು ಅನ್ನುತ್ತಾರೆ. ಡೇಟಾ ಎಂಟ್ರಿ ಹೆಸರಿನ ಇನ್ನೊಂದು ಬಗೆ ಇದೆ. ಮೊದಲು ರಿಜಿಸ್ಟ್ರೇಷನ್ ಫೀ. ಆಮೇಲೆ ನೂರಾರು ಪುಟ ಟೈಪ್ ಮಾಡಿಸಿ, ತಪ್ಪು ಜಾಸ್ತಿ ಇದೆ, ಕರಾರು ಮುರಿದಿದ್ದೀರಿ ಅಂತ ವಕೀಲರ ಹೆಸರಲ್ಲಿ ವಾಟ್ಸಾಪ್ ನೋಟಿಸ್. ಹೆದರಿ ದುಡ್ಡು ಕಟ್ಟಿದ ಹುಡುಗಿಯರು ಇದ್ದಾರೆ. ಕಟ್ಟಬೇಡಿ. ಯುಪಿಐ ನಂಬರ್ ಕೊಟ್ಟು ಇವತ್ತೇ ಹಾಕು ಅನ್ನುವ ಕೋರ್ಟ್ ಎಲ್ಲಿಯೂ ಇಲ್ಲ. ಆ ಮೆಸೇಜ್ ಅಳಿಸದೆ ನಮಗೆ ತಂದು ತೋರಿಸಿ.

ಎಲ್ಲಕ್ಕಿಂತ ಕೆಟ್ಟದ್ದು ಖಾತೆ ಬಾಡಿಗೆ. "ನಿನ್ನ ಬ್ಯಾಂಕ್ ಖಾತೆ, ಎಟಿಎಂ, ಸಿಮ್ ಕೊಡು ಸಾಕು, ಗೇಮಿಂಗ್ ದುಡ್ಡು ಬರ್ತದ, ತಿಂಗಳಿಗೆ 5000 ನಿಂದು" ಅಂತ ಪಕ್ಕದ ರೂಮಿನ ಪರಿಚಯದವನೇ ಕೇಳಿದ್ದ. ನಮ್ಮ ಹುಡುಗ ಕೊಟ್ಟ. ಮೂರು ವಾರಕ್ಕೆ ಖಾತೆ ಫ್ರೀಜ್ ಆಯಿತು. ಬೇರೆ ರಾಜ್ಯದ ಪೊಲೀಸರಿಂದ ಫೋನ್ ಬಂತು. ಯಾರಿಗೋ ಮೋಸ ಮಾಡಿ ಕಸಿದ ದುಡ್ಡು ಇವನ ಖಾತೆಯಿಂದ ಮುಂದಕ್ಕೆ ಹೋಗಿತ್ತು. ಮೋಸಗಾರರಿಗೆ ಬೇಕಾದದ್ದೇ ಅದು, ಬೇರೆಯವರ ಹೆಸರಿನ ಖಾತೆ. ಪೊಲೀಸರಿಗೆ ಮೊದಲು ಕಾಣುವುದು ಆ ಹೆಸರೇ. ಅವನ ಸ್ಕಾಲರ್‌ಶಿಪ್ ಕೂಡ ಅದೇ ಖಾತೆಯಲ್ಲಿ ಸಿಕ್ಕಿಬಿತ್ತು. ಅಪ್ಪ ಹಳ್ಳಿಯಿಂದ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದು ಇನ್ನೂ ಕಣ್ಣಲ್ಲಿದೆ. "ನಮ್ ಹುಡ್ಗ ಕಳ್ಳ ಅಲ್ರಿ ಸರ್" ಅಂತ ಒಂದೇ ಮಾತು ಹೇಳುತ್ತಿದ್ದರು. ಹುಡುಗರೇ, ಸ್ವಂತ ಅಣ್ಣ ಕೇಳಿದರೂ ಖಾತೆ ಕೊಡಬೇಡಿ. ದುಡ್ಡು ಕಳೆದುಕೊಂಡವರು ನಾಚಿಕೆ ಪಟ್ಟು ಸುಮ್ನೆ ಕೂರಬೇಡಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ದುಡ್ಡು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಊರಿನ ಅಂಗಡಿಯಲ್ಲೂ ಒಂದು ಎಚ್ಚರ ಬೇಕು. ಅಸಲಿ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಡಬೇಡಿ. ಕೆಲಸ ಬಿಟ್ಟು ಹೋಗದಿರಲಿ ಅಂತ ಒಬ್ಬ ಮಾಲಕರು ನಮ್ಮ ವಿದ್ಯಾರ್ಥಿಯ ಹತ್ತನೇ ತರಗತಿ ಅಂಕಪಟ್ಟಿ ಇಟ್ಟುಕೊಂಡಿದ್ದರು. ಅದನ್ನು ಬಿಡಿಸಿಕೊಳ್ಳಲು ನಾನೇ ಎರಡು ಸಲ ಹೋಗಬೇಕಾಯಿತು. ಜೆರಾಕ್ಸ್ ಕೊಡಿ, ಸಾಕು. ಪಗಾರ ಎಷ್ಟು, ಯಾವ ತಾರೀಖಿಗೆ, ಪರೀಕ್ಷೆಗೆ ಎಷ್ಟು ದಿನ ರಜೆ ಅನ್ನುವುದನ್ನು ಸೇರುವ ದಿನವೇ ಮಾತಾಡಿ, ರಾತ್ರಿ ಅದನ್ನೇ ಮಾಲಕರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. "ಮಾಲಕರೇ, ಇವತ್ತು ಮಾತಾಡಿದಂತೆ" ಅಂತ ಶುರು ಮಾಡಿದರೆ ಯಾರಿಗೂ ಬೇಜಾರಾಗುವುದಿಲ್ಲ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚು ಉಳಿದಿದೆ. ಹಳ್ಳಿಯಿಂದ ಬಂದು ಕೆಲಸ ಮಾಡುವವರು ಹೆಚ್ಚಾಗಿದ್ದು ನನಗೆ ಕಣ್ಣಿಗೆ ಕಾಣುತ್ತಿದೆ. ಆದರೆ ಕೊನೆ ಬಸ್ಸು ಎಷ್ಟೊತ್ತಿಗೆ ಅಂತ ನೋಡಿ ಕೆಲಸದ ಹೊತ್ತು ಒಪ್ಪಿಕೊಳ್ಳಿ. ಅಲ್ಲಿ ಇನ್ನೊಬ್ಬ ಹೆಣ್ಣುಮಗಳು ಇದ್ದಾಳಾ ನೋಡಿ. 10 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಚಿಕ್ಕ ಅಂಗಡಿಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಪಾರ್ಟ್ ಟೈಮ್ ಅಂತ ಆ ಹಕ್ಕು ಕಡಿಮೆಯಾಗುವುದಿಲ್ಲ.

ಕಾಲೇಜಿನ ಒಳಗೇ ಕೆಲಸ ಕೇಳಲು ನಮ್ಮವರು ಹಿಂಜರಿಯುತ್ತಾರೆ. ಪಕ್ಕದ ಮಹಾರಾಷ್ಟ್ರದಲ್ಲಿ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆ ಕಟ್ಟಿದ ಭಾವುರಾವ್ ಪಾಟೀಲರು ಬಡ ಮಕ್ಕಳಿಗೆ ಗಳಿಸುತ್ತಾ ಕಲಿಯುವ ದಾರಿ ತೋರಿಸಿದರು. ಪುಣೆ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಲ್ಲೇ ಅಂಥ ಯೋಜನೆ ಇದೆ. ನಮ್ಮಲ್ಲಿ ಗ್ರಂಥಾಲಯಕ್ಕೆ, ಲ್ಯಾಬಿಗೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷ ಫೈಲುಗಳ ಸ್ಕ್ಯಾನಿಂಗಿಗೆ ಕೈ ಬೇಕೇ ಬೇಕಾಗುತ್ತದೆ. ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆಯಿರಿ. ಯಾವ ಕೆಲಸ, ದಿನಕ್ಕೆ ಎಷ್ಟು ಹೊತ್ತು ಅಂತ ನೀವೇ ಬರೆದುಕೊಟ್ಟರೆ ಅವರಿಗೂ ಹೂಂ ಅನ್ನಲು ಸುಲಭ. ಕೆಲವರು ಅಮೆರಿಕದ ವರ್ಕ್-ಸ್ಟಡಿ, ಅಂದರೆ ಓದುತ್ತಾ ದುಡಿಯುವ ಯೋಜನೆ, ನೋಡಿ ಕೇಳುತ್ತಾರೆ. ಅಲ್ಲಿ 1964ರಿಂದ ಇರುವ ಸರ್ಕಾರಿ ಯೋಜನೆ ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಸಿಗುವುದಿಲ್ಲ. ತರಗತಿ ನಡೆಯುವಾಗ ವಾರಕ್ಕೆ 20 ತಾಸಿನವರೆಗೆ ಕ್ಯಾಂಪಸ್ ಒಳಗಿನ ಕೆಲಸ ಮಾಡಬಹುದು, ಅದು ಬೇರೆ ವಿಷಯ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಬಗ್ಗೆ ಕೇಳುವವರಿಗೂ ಹೇಳುತ್ತೇನೆ, 2024ರಲ್ಲಿ ಶುರುವಾದಾಗ ಅದು ರೆಗ್ಯುಲರ್ ಕಾಲೇಜಿಗೆ ಹೋಗುವವರಿಗೆ ಇರಲಿಲ್ಲ, ಈಗಿನ ನಿಯಮ ನೋಡಿಕೊಳ್ಳಿ.

ಹಾಜರಿ ಶೇಕಡಾ 75ಕ್ಕಿಂತ ಕೆಳಗೆ ಬೀಳುವ ಕೆಲಸವನ್ನು ಬಿಡಿ. ಅಲ್ಲಿ ಗಳಿಸಿದ್ದನ್ನು ಒಂದು ವರ್ಷ ಕಳೆದುಕೊಂಡು ತೀರಿಸಬೇಕಾಗುತ್ತದೆ. ಬಿಡುವಾಗ ಮಾತ್ರ ಹೇಳದೆ ಕೇಳದೆ ನಿಲ್ಲಬೇಡಿ. ಒಂದು ತಿಂಗಳು ಮೊದಲೇ ಹೇಳಿ, ನಿಮ್ಮ ಜಾಗಕ್ಕೆ ಒಬ್ಬ ಜೂನಿಯರ್‌ನ ಕರೆದುಕೊಂಡು ಹೋಗಿ, ಎಂಟು ದಿನ ಪಕ್ಕದಲ್ಲಿ ನಿಂತು ಕಲಿಸಿ. ನಮ್ಮ ಕಾಲೇಜಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹೀಗೆ ಒಬ್ಬರ ಹಿಂದೆ ಒಬ್ಬರಂತೆ ಆರು ವಿದ್ಯಾರ್ಥಿಗಳು ದುಡಿದಿದ್ದಾರೆ. ಈಗ ಇರುವವಳು ಅಫಜಲಪುರ ಕಡೆಯವಳು, ಬಿ.ಎ. ಕೊನೆಯ ವರ್ಷ. ಮೊನ್ನೆ ನನ್ನ ಕೋಣೆಗೆ ಬಂದು, "ಸರ್, ಫಸ್ಟ್ ಇಯರ್‌ನ್ಯಾಗ ಕನ್ನಡ ಟೈಪಿಂಗ್ ಬರೋರು ಯಾರರೆ ಅದಾರೇನ್ರಿ?" ಅಂತ ಕೇಳಿ ಹೋದಳು.