ಎದುರು ಗುಡ್ಡದ ಕೊಡಲಿ ಮತ್ತು ಅಂಪೈರ್ ಕಿವಿ

ನಮ್ಮ ಚಿಕ್ಕಮಗಳೂರಿನ ತೋಟಗಳಲ್ಲಿ ಎದುರು ಗುಡ್ಡದ ಮೇಲೆ ಯಾರಾದರೂ ಸೌದೆ ಒಡೆಯುವುದನ್ನು ನೋಡಿದ್ದೀರಾ? ಕೊಡಲಿ ಬೀಳುತ್ತದೆ, ಸದ್ದೇ ಇಲ್ಲ. ಅವನು ಮತ್ತೆ ಕೊಡಲಿ ಎತ್ತುವ ಹೊತ್ತಿಗೆ 'ಟಕ್' ಅಂತ ಕೇಳುತ್ತದೆ. ಸದ್ದು ಸೆಕೆಂಡಿಗೆ ಓಡುವುದು ಸುಮಾರು 340 ಮೀಟರ್, ಅಷ್ಟೇ.

ಕ್ರಿಕೆಟ್ ಅಂಪೈರ್ ಪಾಡೂ ಇದೇ. ಪಿಚ್ಚಿನ ಉದ್ದ 20 ಮೀಟರ್ ಚಿಲ್ಲರೆ, ಅವರು ನಿಲ್ಲುವುದು ಬ್ಯಾಟಿಗೆ ಎದುರಿನ ತುದಿಯಲ್ಲಿ. ಬ್ಯಾಟಿನ ಅಂಚು ಸವರಿದ ಸದ್ದು ಅವರ ಕಿವಿಗೆ ಬರಲು ಸುಮಾರು 0.06 ಸೆಕೆಂಡ್ ಬೇಕು. ಇಷ್ಟೇನಾ ಅನ್ನಬೇಡಿ. ಹಾಸನ ಜಿಲ್ಲೆಯ ಜಾವಗಲ್ ಊರನ್ನು ಹೆಸರಲ್ಲೇ ಹೊತ್ತ ಶ್ರೀನಾಥ್ ಥರದವರ ಚೆಂಡು, ನೆಲಕ್ಕೆ ಬಿದ್ದು ನಿಧಾನವಾದ ಮೇಲೂ ಗಂಟೆಗೆ 110 ಕಿ.ಮೀ. ಇದೆ ಅಂದುಕೊಳ್ಳಿ. ಸದ್ದು ಅಂಪೈರ್‌ಗೆ ಮುಟ್ಟುವಷ್ಟರಲ್ಲಿ ಅದು ಬ್ಯಾಟ್ ದಾಟಿ ಒಂದು ಆಳುದ್ದ ಹೋಗಿರುತ್ತದೆ! ಕಣ್ಣು ಹೇಳುವುದು ಒಂದು, ಕಿವಿ ಹೇಳುವುದು ಇನ್ನೊಂದು. ಮಿದುಳು ಸುಮ್ನೆ ಎರಡನ್ನೂ ಸೇರಿಸಿ ಹೊಲಿದುಬಿಡುತ್ತದೆ. ಹೊಲಿದದ್ದು ನಮಗೆ ಗೊತ್ತೂ ಆಗುವುದಿಲ್ಲ.

ಎಲ್‌ಬಿಡಬ್ಲ್ಯೂ ಇನ್ನೂ ಕಷ್ಟ. ಚೆಂಡು ಮೊದಲು ತಾಗಿದ್ದು ಬ್ಯಾಟಿಗೋ ಕಾಲಿನ ಪ್ಯಾಡಿಗೋ ಅಂತ ಹೇಳಬೇಕು. ಬ್ಯಾಟಿಗೂ ಪ್ಯಾಡಿಗೂ ಒಂದಡಿ ಅಂತರ ಇದ್ದರೆ ಎರಡು ಸದ್ದುಗಳ ನಡುವೆ ಇರುವುದು 10 ಮಿಲಿಸೆಕೆಂಡ್. ಯಾವುದು ಮೊದಲು ಅಂತ ಹೇಳಲು ನಮ್ಮ ಕಿವಿಗೆ ಸುಮಾರು 20 ಬೇಕು.

2008ರ ಸಿಡ್ನಿ ಟೆಸ್ಟ್ ನೆನಪಿದೆ ಅಲ್ವಾ? ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ 30 ರನ್ ಮಾಡಿದ್ದಾಗ ಇಶಾಂತ್ ಶರ್ಮಾ ಎಸೆತ ಬ್ಯಾಟಿಗೆ ತಾಗಿ ಧೋನಿ ಕೈಸೇರಿತು. ಅಂಪೈರ್ ಸ್ಟೀವ್ ಬಕ್ನರ್ ಔಟ್ ಕೊಡಲಿಲ್ಲ. ಸೈಮಂಡ್ಸ್ ಔಟಾಗದೆ 162 ಹೊಡೆದರು, ಭಾರತ ಸೋತಿತು, ಮುಂದಿನ ಟೆಸ್ಟಿನಿಂದ ಬಕ್ನರ್ ಹೊರಗೆ. ಅವರು ಎಡವಿದ್ದು ಈ 0.06 ಸೆಕೆಂಡಿನಿಂದಲೇ ಅಂತ ನಾನು ಹೇಳುತ್ತಿಲ್ಲ. ಆದರೆ ಟೀವಿ ಮುಂದೆ ಕೂತು 'ಇವರಿಗೆ ಕಿವಿ ಕೇಳಲ್ವಾ' ಅಂತ ಬೈದ ನಮ್ಮ ಕಿವಿ ಇದ್ದದ್ದು ವಿಕೆಟ್ ಹತ್ತಿರವೇ ಇರುವ ಸ್ಟಂಪ್ ಮೈಕಿನಲ್ಲಿ. ಅದು ಬ್ಯಾಟಿನಿಂದ ಒಂದೂವರೆ ಮೀಟರ್ ದೂರ ಇದ್ದರೆ ತಡ ಆಗುವುದು 5 ಮಿಲಿಸೆಕೆಂಡಿಗಿಂತ ಕಡಿಮೆ. ಜೊತೆಗೆ ನಿಧಾನಗತಿಯ ಮರುಪ್ರಸಾರ ಬೇರೆ. ಅದೇ ವರ್ಷ ಶ್ರೀಲಂಕಾದಲ್ಲಿ ಡಿಆರ್‌ಎಸ್, ಅಂದರೆ ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ವ್ಯವಸ್ಥೆಯ ಪ್ರಯೋಗ ಶುರುವಾಯಿತು.

ನಮ್ಮೂರ ಟೆನಿಸ್ ಬಾಲ್ ಮ್ಯಾಚಿಗೆ ಮೈಕೂ ಇಲ್ಲ, ರಿವ್ಯೂವೂ ಇಲ್ಲ. ಬ್ಯಾಟಿಂಗ್ ಟೀಮಿನವನೇ ಅಂಪೈರ್. ಕಳೆದ ಭಾನುವಾರ ನಾನೇ ನಿಂತಿದ್ದೆ. ಕೀಪರ್ ಚೆಂಡು ಹಿಡಿದು ಗಂಟಲು ಹರಿಯುವಂತೆ ಕೂಗಿದ. ಕ್ರೀಸಿನಲ್ಲಿದ್ದದ್ದು ನನ್ನ ತಮ್ಮ. 'ನಂಗೇನೂ ಕೇಳಿಸಲಿಲ್ಲಪ್ಪ' ಅಂದೆ.