ಬೆಟ್ಟಕ್ಕೆ ಹೋಗುವಾಗ ವೈಡ್ ಲೆನ್ಸ್ ಬೇಕೇ ಬೇಕಾ?

ಪ್ರಶ್ನೆ: ಹಿಮಾಲಯದ ಕಡೆ ಹೊರಟಿದ್ದೇವೆ. ಹೋದ ಸಲದ ಫೋಟೋಗಳಲ್ಲಿ ಅಷ್ಟು ದೊಡ್ಡ ಶಿಖರಗಳೆಲ್ಲ ಇಷ್ಟೇ ಇಷ್ಟು ಕಾಣುತ್ತಿವೆ. ಇನ್ನೂ ವೈಡ್ ಆಗಿರುವ ಲೆನ್ಸ್ ತಗೊಂಡರೆ ಸರಿ ಹೋಗುತ್ತಾ? ಯಾವುದು ತಗೊಳ್ಳಲಿ?

ಉತ್ತರ: ಸರಿ ಹೋಗುವುದಿಲ್ಲ. ಇನ್ನೂ ಚಿಕ್ಕದಾಗುತ್ತವೆ. ವೈಡ್ ಅಂದರೆ ಹೆಚ್ಚು ಅಗಲದ ನೋಟವನ್ನು ಒಂದೇ ಚಿತ್ರಕ್ಕೆ ತುಂಬುವ ಲೆನ್ಸ್.

ರಜೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಪ್ರತಿ ಸಲವೂ ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಕಳಿಸಿದ್ದೇನೆ. ಆಮೇಲೆ ಅವರೇ ಹೋಗಿ ವೈಡ್ ಲೆನ್ಸ್ ಕೊಂಡುಕೊಂಡು ಬಂದಿರುತ್ತಾರೆ. ಯಾಕೆಂದರೆ ಅಂಗಡಿಯವರು, ಗೆಳೆಯರು, ವೀಡಿಯೋ ಮಾಡುವವರು ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಬೆಟ್ಟ ದೊಡ್ಡದು, ಅದಕ್ಕೆ ವೈಡ್ ಬೇಕು." ಕೇಳೋಕೆ ಸರಿ ಅನ್ನಿಸುತ್ತದೆ, ಅಲ್ವಾ? ಹಾಗಾಗಿ ಈ ಸಲ ನಾಲ್ಕು ಸಾಲಿಗೆ ನಿಲ್ಲಿಸದೆ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಕಾಂಚನಜುಂಗಾ ತಗೊಳ್ಳಿ. ಎತ್ತರ 8,586 ಮೀಟರ್. ಪ್ರಪಂಚದಲ್ಲಿ ಮೂರನೆಯದು. ದಾರ್ಜಿಲಿಂಗ್‌ನಿಂದ ನೋಡಿದವರಿಗೆ ಅದು ಅರ್ಧ ಆಕಾಶ ತುಂಬಿದ್ದ ಹಾಗೆ ನೆನಪಿರುತ್ತದೆ. ಆದರೆ ಅದು ಇರುವುದು ನೇರ ಗೆರೆಯಲ್ಲಿ ಸುಮಾರು 75 ಕಿಲೋಮೀಟರ್ ಆಚೆ. ನಾವು ನಿಂತಿರುವ ಊರೇ 2,000 ಮೀಟರ್ ಎತ್ತರದಲ್ಲಿದೆ. ಉಳಿದ ಎತ್ತರವನ್ನು ಆ ದೂರಕ್ಕೆ ಹೋಲಿಸಿದರೆ ಶಿಖರ ದಿಗಂತದಿಂದ ಮೇಲೇಳುವುದು ಹೆಚ್ಚೂಕಡಿಮೆ 5 ಡಿಗ್ರಿ ಮಾತ್ರ. ಕೈ ಪೂರ್ತಿ ಮುಂದೆ ಚಾಚಿ, ಮೂರು ಬೆರಳು ಜೋಡಿಸಿ ಅಡ್ಡಲಾಗಿ ಹಿಡಿಯಿರಿ. ಅಷ್ಟೇ ದಪ್ಪ. ಇಡೀ ಕಾಂಚನಜುಂಗಾದ ಎತ್ತರ ಆ ಮೂರು ಬೆರಳಿನ ಹಿಂದೆ ಅಡಗುತ್ತದೆ.

ಈಗ ಸೆನ್ಸರ್ (ಚಿತ್ರ ಹಿಡಿಯುವ ಫಲಕ) ದೊಡ್ಡದಿರುವ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ 16 ಎಂಎಂ ವೈಡ್ ಲೆನ್ಸ್ ಹಾಕಿ (ಈ ಎಂಎಂ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ). ಅಡ್ಡ ಹಿಡಿದರೆ ಮೇಲಿಂದ ಕೆಳಕ್ಕೆ ಅದು ಸುಮಾರು 74 ಡಿಗ್ರಿ ನೋಡುತ್ತದೆ. 5 ಡಿಗ್ರಿಯ ಶಿಖರ 24 ಮಿಲಿಮೀಟರ್ ಎತ್ತರದ ಸೆನ್ಸರ್ ಮೇಲೆ ಬೀಳುವುದು ಬರೀ 1.4 ಮಿಲಿಮೀಟರ್. ಅಂದರೆ ಚಿತ್ರದ ಎತ್ತರದ ಹದಿನೇಳನೇ ಒಂದು ಭಾಗ. ಉಳಿದ ಹದಿನಾರು ಭಾಗ ಏನು? ಖಾಲಿ ಆಕಾಶ, ಕರೆಂಟ್ ತಂತಿ, ಮುಂದೆ ನಿಂತವರ ತಲೆ, ರೇಲಿಂಗ್. ಅದೇ ಜಾಗದಲ್ಲಿ ನಿಂತು 200 ಎಂಎಂ ಟೆಲಿ ಲೆನ್ಸ್, ಅಂದರೆ ದೂರದ್ದನ್ನು ದೊಡ್ಡದಾಗಿ ತೋರಿಸುವ ಲೆನ್ಸ್ ಹಾಕಿದರೆ ಅದೇ ಶಿಖರ ಚಿತ್ರದ ಎತ್ತರದಲ್ಲಿ ಮುಕ್ಕಾಲು ಭಾಗ ತುಂಬುತ್ತದೆ. ಬೆಟ್ಟ ಬದಲಾಗಿಲ್ಲ, ಬೆಳಕು ಬದಲಾಗಿಲ್ಲ, ನೀವೂ ಕದಲಿಲ್ಲ.

ಫೋನಿನವರಿಗೂ ಇದೇ ಲೆಕ್ಕ. ಫೋನಿನ ಮುಖ್ಯ ಕ್ಯಾಮೆರಾವೇ ಸಾಮಾನ್ಯವಾಗಿ ಫುಲ್‌ಫ್ರೇಮ್ ಲೆಕ್ಕದಲ್ಲಿ 24 ಎಂಎಂ ಆಸುಪಾಸಿನ ವೈಡ್. ಅದರಲ್ಲಿ ಕಾಂಚನಜುಂಗಾ ಚಿತ್ರದ ಹತ್ತನೇ ಒಂದು ಭಾಗಕ್ಕೂ ಬರುವುದಿಲ್ಲ. 0.5 ಎಕ್ಸ್ ಒತ್ತಿದರೆ ಅದರ ಅರ್ಧ. ಪನೋರಮಾ ಎಳೆದರೂ ಅಷ್ಟೇ. ಅಗಲ ಸಿಗುತ್ತದೆ, ಎತ್ತರ ಹೋಗುತ್ತದೆ. ಇಡೀ ಸಾಲು ಬೇಕೇ ಬೇಕು ಅನ್ನುವವರು ಟೆಲಿ ಲೆನ್ಸಿನಲ್ಲಿ ಕ್ಯಾಮೆರಾ ಉದ್ದ ಹಿಡಿದು, ಒಂದರ ಅಂಚು ಇನ್ನೊಂದರಲ್ಲೂ ಸ್ವಲ್ಪ ಬರುವ ಹಾಗೆ ಆರೇಳು ಚಿತ್ರ ತೆಗೆದು ಆಮೇಲೆ ಜೋಡಿಸಬೇಕು.

ಇಷ್ಟು ಹೇಳಿದ ಮೇಲೂ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: "ನಮ್ಮ ಕಣ್ಣೇ ವೈಡ್ ಅಲ್ವಾ? ಎರಡು ಕಣ್ಣಿಗೂ ಸೇರಿ 180 ಡಿಗ್ರಿಗಿಂತ ಜಾಸ್ತಿ ಕಾಣುತ್ತದೆ ಅಂತಾರೆ." ಕಾಣುತ್ತದೆ, ನಿಜ. ಆದರೆ ಸ್ಪಷ್ಟವಾಗಿ ಕಾಣುವುದು ನಟ್ಟನಡುವಿನ ಸುಮಾರು 2 ಡಿಗ್ರಿ ಮಾತ್ರ. ಉಳಿದದ್ದೆಲ್ಲ ಮಸುಕು. ಬೆಟ್ಟ ನೋಡುವಾಗ ಕಣ್ಣು ಆ ಚಿಕ್ಕ ಜಾಗದಿಂದ ಶಿಖರದ ಮೇಲೆಲ್ಲ ಓಡಾಡುತ್ತದೆ. ಮಂಜಿನ ಗೆರೆ, ಬಂಡೆಯ ಸೀಳು, ತುದಿಯಲ್ಲಿ ಗಾಳಿಗೆ ಏಳುವ ಹಿಮದ ಪುಡಿ, ಎಲ್ಲವನ್ನೂ ಹೆಕ್ಕಿ ಕೊಡುತ್ತದೆ. ತಂತಿಯನ್ನೂ ರೇಲಿಂಗನ್ನೂ ಮನಸ್ಸು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ನೋಡುವ ಕೆಲಸದಲ್ಲಿ ಕಣ್ಣು ಟೆಲಿ ಲೆನ್ಸಿನ ಹಾಗೇ ಇದೆ. ಹುಣ್ಣಿಮೆಯ ಚಂದ್ರನನ್ನು ಫೋನಿನಲ್ಲಿ ತೆಗೆದು ಬೇಜಾರಾಗದವರು ಯಾರಿದ್ದಾರೆ? ಚಂದ್ರ ಇರುವುದೇ ಅರ್ಧ ಡಿಗ್ರಿ. ಕೈ ಚಾಚಿದರೆ ಕಿರುಬೆರಳಿನಲ್ಲೇ ಮುಚ್ಚಿಹೋಗುತ್ತಾನೆ. ಬೆಟ್ಟದ ಕಥೆಯೂ ಅದೇ.

ಇದರ ಬೆನ್ನಿಗೆ ಅಂಟಿಕೊಂಡು ಬರುವ ಇನ್ನೊಂದು ಮಾತಿದೆ. ನನಗೆ ಜಾಸ್ತಿ ಸಿಟ್ಟು ಬರುವುದು ಅದಕ್ಕೇ. "ಟೆಲಿ ಲೆನ್ಸ್ ಮೋಸ ಮಾಡುತ್ತದೆ. ದೂರದ್ದನ್ನು ಎಳೆದು ತಂದು ಹತ್ತಿರದ್ದಕ್ಕೆ ಅಂಟಿಸುತ್ತದೆ. ಕಂಪ್ರೆಷನ್."

ಲೆನ್ಸ್ ಏನನ್ನೂ ಎಳೆಯುವುದಿಲ್ಲ. ಹತ್ತಿರದ್ದು ಎಷ್ಟು ದೊಡ್ಡದು, ದೂರದ್ದು ಎಷ್ಟು ದೊಡ್ಡದು ಅನ್ನುವುದನ್ನು ತೀರ್ಮಾನ ಮಾಡುವುದು ನೀವು ನಿಂತ ಜಾಗ. ನಂಬಿಕೆ ಇಲ್ಲದಿದ್ದರೆ ಇವತ್ತೇ ಮಾಡಿ ನೋಡಿ. ಒಂದೇ ಕಡೆ ನಿಂತು ವೈಡ್‌ನಲ್ಲಿ ಒಂದು, ಟೆಲಿಯಲ್ಲಿ ಒಂದು ಚಿತ್ರ ತೆಗೆಯಿರಿ. ವೈಡ್ ಚಿತ್ರದ ನಡುಭಾಗವನ್ನು ಟೆಲಿ ಚಿತ್ರದಷ್ಟೇ ಉಳಿಯುವ ಹಾಗೆ ಕ್ರಾಪ್ ಮಾಡಿ. ಪಕ್ಕ ಪಕ್ಕ ಇಡಿ. ಮರ, ಮನೆ, ಬೆಟ್ಟ ಎಲ್ಲವೂ ಒಂದಕ್ಕೊಂದು ಅದೇ ಅಳತೆಯಲ್ಲಿ, ಅದೇ ಅಂತರದಲ್ಲಿ ಇರುತ್ತವೆ. ವ್ಯತ್ಯಾಸ ಇರುವುದು ಸ್ಪಷ್ಟತೆಯಲ್ಲಿ.

"ಹಾಗಾದರೆ ಸುಮ್ನೆ ಕ್ರಾಪ್ ಮಾಡಿದರೆ ಸಾಕಲ್ಲ?" ಸಾಲದು. 16 ಎಂಎಂ ಚಿತ್ರವನ್ನು 200 ಎಂಎಂ ಅಷ್ಟಕ್ಕೆ ಕ್ರಾಪ್ ಮಾಡಿದರೆ ಉಳಿಯುವುದು 156ರಲ್ಲಿ ಒಂದು ಪಾಲು. 24 ಮೆಗಾಪಿಕ್ಸೆಲ್ ಅಂದರೆ 2.4 ಕೋಟಿ ಪಿಕ್ಸೆಲ್. ಅದರಲ್ಲಿ ಕೈಗೆ ಸಿಗುವುದು ಒಂದೂವರೆ ಲಕ್ಷ. ಫೋನಿನ ಪರದೆಗೂ ಸಾಲದು.

ನಿಂತ ಜಾಗದ ಮಹಿಮೆ ನೋಡಬೇಕಾದರೆ ಟೋಕಿಯೋ ಕಡೆ ಬನ್ನಿ. ಶಿಂಜುಕು ಪ್ರದೇಶದ ಗಗನಚುಂಬಿ ಕಟ್ಟಡಗಳ ಹಿಂದೆ ಫ್ಯೂಜಿ ಪರ್ವತ ಬೃಹತ್ತಾಗಿ ಎದ್ದು ನಿಂತಿರುವ ಚಿತ್ರ ನೀವೂ ನೋಡಿರುತ್ತೀರಿ. ಅದನ್ನು ಕಂಡವರೆಲ್ಲ "ಎಡಿಟ್ ಮಾಡಿದ್ದು" ಅಂದುಬಿಡುತ್ತಾರೆ. ಅಲ್ಲ. ಬುಂಕ್ಯೋ ಸಿವಿಕ್ ಸೆಂಟರ್ ಅನ್ನುವ ಸರ್ಕಾರಿ ಕಟ್ಟಡದ 25ನೇ ಮಹಡಿಗೆ ಹೋದರೆ ಆ ನೋಟ ಸಿಗುತ್ತದೆ. ಅಲ್ಲಿಂದ ಶಿಂಜುಕು ಸುಮಾರು 6 ಕಿಲೋಮೀಟರ್, ಫ್ಯೂಜಿ ಸುಮಾರು 100 ಕಿಲೋಮೀಟರ್. ಶಿಂಜುಕುವಿನ 243 ಮೀಟರಿನ ಟೋಕಿಯೋ ಮಹಾನಗರ ಆಡಳಿತ ಕಟ್ಟಡ ಆ ದೂರಕ್ಕೆ 2 ಡಿಗ್ರಿಗಿಂತ ತುಸು ಜಾಸ್ತಿ. 3,776 ಮೀಟರಿನ ಫ್ಯೂಜಿ 2 ಡಿಗ್ರಿಗಿಂತ ತುಸು ಕಡಿಮೆ. ಎರಡೂ ನಿಜವಾಗಿಯೂ ಸಮಸಮ. ಈಗ ಶಿಂಜುಕುವಿನ ಆ ಆಡಳಿತ ಕಟ್ಟಡದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಹೋಗಿ ನಿಲ್ಲಿ. ಕಟ್ಟಡ 25 ಡಿಗ್ರಿ ದಾಟಿ ತಲೆ ಮೇಲೆ ಬರುತ್ತದೆ. ಫ್ಯೂಜಿ ಕಂಡರೂ ಅದೇ 2 ಡಿಗ್ರಿ. ಫ್ಯೂಜಿಯನ್ನು ದೊಡ್ಡದು ಮಾಡಿದ್ದು ಲೆನ್ಸ್ ಅಲ್ಲ. ಫೋಟೋಗ್ರಾಫರ್ ಕಟ್ಟಡಗಳಿಂದ 6 ಕಿಲೋಮೀಟರ್ ಹಿಂದೆ ಸರಿದು ನಿಂತದ್ದು.

ನ್ಯೂಯಾರ್ಕಿನಲ್ಲೂ ಇದೇ ಪಾಠ. ಬ್ರೂಕ್ಲಿನ್‌ನ ಡಂಬೋದಲ್ಲಿ ವಾಷಿಂಗ್ಟನ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಮ್ಯಾನ್‌ಹ್ಯಾಟನ್ ಸೇತುವೆಯ ಗೋಪುರದ ಕಮಾನಿನೊಳಗೆ ಎಂಪೈರ್ ಸ್ಟೇಟ್ ಕಟ್ಟಡ ಕೂತ ಹಾಗೆ ಕಾಣುವುದು ಅಲ್ಲೇ. ಜನ ಸೇತುವೆ ಹತ್ತಿರ ಓಡಿ ಓಡಿ ಹೋಗುತ್ತಾರೆ. ಹತ್ತಿರ ಹೋದಷ್ಟೂ ಕಮಾನು ಹಿಗ್ಗುತ್ತದೆ, ಕಟ್ಟಡ ಅದರೊಳಗೆ ಸೂಜಿಯಷ್ಟಾಗುತ್ತದೆ. ಬೀದಿಯಲ್ಲಿ ಹಿಂದೆ ಹಿಂದೆ ನಡೆದು ಜೂಮ್ ಮಾಡಬೇಕು.

ವೈಡ್ ಲೆನ್ಸ್ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುತ್ತಿಲ್ಲ. ಹತ್ತಿರ ಏನಾದರೂ ಇದ್ದಾಗ ಅದಕ್ಕೆ ಸಾಟಿಯಿಲ್ಲ. ಪ್ಯಾಂಗಾಂಗ್ ಸರೋವರದ ದಡದಲ್ಲಿ ಕೂತು, ಕಲ್ಲಿಗೆ ಒಂದು ಅಡಿ ದೂರಕ್ಕೆ ಲೆನ್ಸ್ ಇಳಿಸಿ ತೆಗೆಯಿರಿ. ನೀರೊಳಗಿನ ಒಂದೊಂದು ಕಲ್ಲೂ ಎದ್ದು ಬರುತ್ತದೆ. ಲಡಾಖಿನ ಥಿಕ್ಸೆ ಗೊಂಪಾದಲ್ಲಿ (ಬೌದ್ಧ ಮಠದಲ್ಲಿ) ಎರಡು ಅಂತಸ್ತು ತುಂಬಿರುವ, ಸುಮಾರು 15 ಮೀಟರ್ ಎತ್ತರದ ಮೈತ್ರೇಯ ಬುದ್ಧನ ಮೂರ್ತಿ ಇದೆ. ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಅಲ್ಲಿ ವೈಡ್ ಬೇಕೇ ಬೇಕು. ಮೊರಾಕೋದ ಫೆಸ್ ನಗರದ ಹಳೇ ಪೇಟೆಯ ಗಲ್ಲಿಗಳಲ್ಲೂ ಹಾಗೇ. ಅದು ಇಕ್ಕಟ್ಟಿಗೆ ಹೇಳಿ ಮಾಡಿಸಿದ ಲೆನ್ಸ್. ಅದನ್ನೇ ದಿಗಂತದ ಬೆಟ್ಟಕ್ಕೆ ಬಳಸುವುದು ತಪ್ಪು.

ಹಾಗಾದರೆ ಯಾವುದು ತಗೊಳ್ಳಲಿ? ನಿಮ್ಮ ಕ್ಯಾಮೆರಾ ಜೊತೆ ಬಂದಿರುವ ಸಾಧಾರಣ ಜೂಮ್ ಇದ್ದೇ ಇದೆ. ಅದರ ಜೊತೆಗೆ 70-200 ಅಥವಾ 70-300. ಅದೂ ಎಫ್ 4 ಅಥವಾ ಅದಕ್ಕಿಂತ ಹಗುರದ್ದು. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ, ತೂಕವೂ ಜಾಸ್ತಿ. ಎಫ್ 2.8ರ ಲೆನ್ಸ್ ಒಂದರಿಂದ ಒಂದೂವರೆ ಕೆ.ಜಿ. ತೂಗುತ್ತದೆ. ಉಸಿರಾಡಲೇ ಕಷ್ಟವಾಗುವ ಎತ್ತರದಲ್ಲಿ ಅದನ್ನು ಹೊತ್ತು ಏನೂ ಲಾಭವಿಲ್ಲ. ಹಿಮದ ಮೇಲಿನ ಹಗಲಿನ ಬೆಳಕು ಧಾರಾಳವಾಗಿರುತ್ತದೆ, ಹೇಗೂ ಎಫ್ 8ರಲ್ಲೇ ತೆಗೆಯುತ್ತೀರಿ. ಫೋನಿನವರು 3 ಎಕ್ಸ್, 5 ಎಕ್ಸ್ ಅಂತ ಬೇರೆ ಲೆನ್ಸೇ ಇದ್ದರೆ ಅದನ್ನು ಬಳಸಿ. ಅದಕ್ಕಿಂತ ಮುಂದೆ ಬೆರಳಲ್ಲಿ ಹಿಗ್ಗಿಸುವುದು ಬರೀ ಕ್ರಾಪ್.

ಟೆಲಿ ತಗೊಂಡವರಿಗೆ ಒಂದು ಎಚ್ಚರಿಕೆ. 75 ಕಿಲೋಮೀಟರ್ ಆಚೆಯ ಶಿಖರ ತೆಗೆಯುವಾಗ ನಡುವಿನ ಗಾಳಿಯನ್ನೂ ತೆಗೆಯುತ್ತೀರಿ. ಬಿಸಿಲೇರಿದ ಮೇಲೆ ಕಣಿವೆಯ ಗಾಳಿ ಕಾದು ಕದಡುತ್ತದೆ, ಮಬ್ಬು ಏಳುತ್ತದೆ. ಯುವಿ ಫಿಲ್ಟರ್ ಹಾಕಿದರೆ ನೀಲಿ ಮಬ್ಬು ಹೋಗುತ್ತದೆ ಅನ್ನುವುದು ಫಿಲ್ಮ್ ಕಾಲದಿಂದ ಉಳಿದ ಮಾತು. ಡಿಜಿಟಲ್ ಸೆನ್ಸರ್ ಮುಂದೆ ಅತಿನೇರಳೆ ಕಿರಣ ತಡೆಯುವ ಪದರ ಮೊದಲೇ ಇರುತ್ತದೆ. ಕಣ್ಣಿಗೇ ಕಾಣುವ ನೀಲಿ ಬೆಳಕನ್ನು ಆ ಗಾಜು ತಡೆಯುವುದಿಲ್ಲ. ನಸುಕಿನಲ್ಲಿ ಎದ್ದು ಹೋಗುವುದೇ ಇದಕ್ಕೆ ಮದ್ದು. ದಾರ್ಜಿಲಿಂಗ್ ಆದರೆ ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್, ನವೆಂಬರ್.

ನಸುಕಿಗೆ ಎದ್ದು, ದಾರ್ಜಿಲಿಂಗ್ ಹತ್ತಿರ ಸೂರ್ಯೋದಯ ನೋಡಲು ಜನ ಹತ್ತುವ ಟೈಗರ್ ಹಿಲ್‌ಗೆ ಹೋಗುತ್ತೀರಿ ತಾನೇ, ಅಲ್ಲಿಂದ ಬರುವ ಚಿತ್ರಗಳ ಬಗ್ಗೆಯೂ ಒಂದು ಮಾತು. ಯಾರೂ ಇದನ್ನು ಕೇಳುವುದಿಲ್ಲ, ಕೇಳಬೇಕಿತ್ತು. ವಾಯವ್ಯ ದಿಕ್ಕಿನಲ್ಲಿ ದೂರದಲ್ಲೊಂದು ಚಿಕ್ಕ ಗುಂಪು ಕಾಣುತ್ತದೆ. ಅದರಲ್ಲಿ ಎಲ್ಲಕ್ಕಿಂತ ಎತ್ತರ ಕಾಣುವುದಕ್ಕೆ "ಎವರೆಸ್ಟ್" ಅಂತ ಹೆಸರು ಬರೆದು ಹಂಚುತ್ತಾರೆ. ಅದು ಮಕಾಲು. 8,485 ಮೀಟರ್. ಎವರೆಸ್ಟ್‌ಗಿಂತ 360 ಮೀಟರಿಗೂ ಜಾಸ್ತಿ ಕುಳ್ಳು. ಆದರೂ ಎತ್ತರ ಕಾಣುತ್ತದೆ, ಯಾಕೆಂದರೆ ನಮಗೆ ಅಷ್ಟು ಹತ್ತಿರ. ಎವರೆಸ್ಟ್ ಅಲ್ಲಿಂದ 170 ಕಿಲೋಮೀಟರಿಗೂ ಆಚೆ, ಮಕಾಲು ಅದಕ್ಕಿಂತ ಸುಮಾರು 20 ಕಿಲೋಮೀಟರ್ ಈಚೆ. ಅಷ್ಟು ದೂರಕ್ಕೆ ಭೂಮಿಯ ಬಾಗುವಿಕೆಯೂ ಲೆಕ್ಕಕ್ಕೆ ಬರುತ್ತದೆ, ಎವರೆಸ್ಟನ್ನು ಇನ್ನಷ್ಟು ಕೆಳಗಿಳಿಸುತ್ತದೆ. ಎರಡೂ ದಿಗಂತದಿಂದ ಏಳುವುದು ಒಂದೂವರೆ ಡಿಗ್ರಿ ಆಸುಪಾಸು ಮಾತ್ರ. ವೈಡ್ ಲೆನ್ಸಿನಲ್ಲಿ ಅವು ಇವೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಟೆಲಿಯಲ್ಲಿ ತೆಗೆದು ದೊಡ್ಡದು ಮಾಡಿ ನೋಡಿ: ಬಲಕ್ಕೆ ಮಕಾಲು, ಅದರ ಎಡಕ್ಕೆ ಅಂಟಿಕೊಂಡ ಹಾಗೆ ಹಿಂದಿನಿಂದ ಇಣುಕುವುದು ಎವರೆಸ್ಟ್, ಅದರ ಎಡಕ್ಕೆ ಲೋತ್ಸೆ. ಹೆಸರು ಬರೆಯುವಾಗ ಈ ಸಾಲು ನೋಡಿಕೊಂಡು ಬರೆಯಿರಿ.